ಏಳು ಪದಗಳ ಟೆಸ್ಟ್ ಫ್ರೇಮ್‌ವರ್ಕ್: ಶೀಟನ್ನೇ ಸ್ಕ್ರಿಪ್ಟ್ ಮಾಡುವ ಕ್ರಮ

ಬೆಂಗಳೂರಿನ ಯಾವ ಟೆಸ್ಟಿಂಗ್ ಟೀಮಿಗೇ ಹೋಗಿ, ಟೆಸ್ಟ್ ಕೇಸುಗಳ ಒಂದು ಎಕ್ಸೆಲ್ ಶೀಟ್ ಇದ್ದೇ ಇರುತ್ತದೆ. ಪುಟ ತೆರೆಯಿರಿ, ಪಿನ್‌ಕೋಡ್ ಹಾಕಿ, ಬಟನ್ ಒತ್ತಿ, ಮೊತ್ತ ಸರಿಯಿದೆಯಾ ನೋಡಿ ಎಂದು ಸಾಲುಸಾಲಾಗಿ ಬರೆದಿರುತ್ತಾರೆ. ಆಟೊಮೇಷನ್ ಎಂದ ಕೂಡಲೇ ಆ ಶೀಟನ್ನು ಮೂಲೆಗೆ ತಳ್ಳಿ, ಒಂದೊಂದು ಕೇಸಿಗೂ ಒಂದೊಂದು ಪೈಥಾನ್ ಫೈಲ್ ಬರೆಯಲು ಕೂರುವುದು ವಾಡಿಕೆ. ಕೆಲವೇ ತಿಂಗಳಲ್ಲಿ ಅದೇ ಲಾಗಿನ್ ಕೋಡ್ ನಲವತ್ತು ಫೈಲಿನಲ್ಲಿ ಕಾಪಿ ಆಗಿರುತ್ತದೆ. ಡೆವಲಪರ್ ಒಂದು ಬಟನ್ನಿನ ಐಡಿ ಬದಲಿಸಿದರೆ ನಲವತ್ತು ಕಡೆ ತಿದ್ದುವ ಕೆಲಸ ಬೀಳುತ್ತದೆ.

ಇಲ್ಲಿ ಶೀಟನ್ನು ಬಿಡುವುದಿಲ್ಲ, ಅದನ್ನೇ ಓಡಿಸುತ್ತೇವೆ. ಏನು ಮಾಡಬೇಕು ಎಂಬುದು ಶೀಟಿನಲ್ಲಿ, ಹೇಗೆ ಮಾಡಬೇಕು ಎಂಬುದು ಕೋಡಿನಲ್ಲಿ. ಇವೆರಡು ಒಂದಕ್ಕೊಂದು ಬೆರೆಯದಂತೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಇದಕ್ಕೆ ಕೀವರ್ಡ್ ಡ್ರಿವನ್ ಪದ್ಧತಿ ಎನ್ನುತ್ತಾರೆ. ಬೇಕಾಗುವುದು ಪೈಥಾನ್ 3, ಬ್ರೌಸರನ್ನು ಕೋಡಿನಿಂದ ಓಡಿಸುವ ಸಾಧನವಾದ ಸೆಲೆನಿಯಂ 4, ಒಂದು ಕ್ರೋಮ್ ಬ್ರೌಸರ್, ಅಷ್ಟೇ. ಸೆಲೆನಿಯಂ 4.6ರಿಂದ ಈಚೆಗೆ ಸೆಲೆನಿಯಂ ಮತ್ತು ಕ್ರೋಮ್ ನಡುವಿನ ಕೊಂಡಿಯಾದ ಕ್ರೋಮ್ ಡ್ರೈವರನ್ನು ಕೈಯಾರೆ ಇಳಿಸಿಕೊಳ್ಳುವ ಕಾಟವೂ ಇಲ್ಲ, ಹೊಂದುವ ಆವೃತ್ತಿಯನ್ನು ಅದೇ ಹುಡುಕಿ ತರುತ್ತದೆ.

ನಾಲ್ಕು ಭಾಗ

ಉದಾಹರಣೆಗೆ, 20 ಲೀಟರ್ ನೀರಿನ ಕ್ಯಾನ್ ಆರ್ಡರ್ ಮಾಡುವ ಒಂದು ವೆಬ್ ಪುಟ ಇದೆ ಎಂದುಕೊಳ್ಳಿ. ಕ್ಯಾನಿಗೆ 80 ರೂಪಾಯಿ, ತಂದುಕೊಡುವುದಕ್ಕೆ 30. ಒಂದು ಸಲಕ್ಕೆ 1ರಿಂದ 5 ಕ್ಯಾನ್, ಬೆಂಗಳೂರಿನ ಪಿನ್‌ಕೋಡಿಗೆ ಮಾತ್ರ. ಬಸವನಗುಡಿಯ ಒಂದು ಆರ್ಡರಿನ ಟೆಸ್ಟ್ ಹೀಗಿರುತ್ತದೆ:

ತೆರೆ | ಆರ್ಡರ್ ಪುಟ |
ಬರೆ | ಪಿನ್‌ಕೋಡ್ | 560004
ಆರಿಸು | ಕ್ಯಾನ್ ಸಂಖ್ಯೆ | 3
ಒತ್ತು | ಮುಂದೆ ಬಟನ್ |
ಇರಬೇಕು | ಒಟ್ಟು ಮೊತ್ತ | ₹270

ಮೂರು ಕಾಲಂ: ಕ್ರಿಯೆ, ಯಾವುದರ ಮೇಲೆ, ಯಾವ ಮೌಲ್ಯ. ಇದು ಮೊದಲನೇ ಭಾಗ. ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಫೈಲಾಗಿ ಉಳಿಸಿ, ಒಂದು ಟೆಸ್ಟಿಗೆ ಒಂದು ಫೈಲ್.

ಎರಡನೆಯದು ವಿಳಾಸದ ಫೈಲ್. 'ಮುಂದೆ ಬಟನ್' ಎಂದರೆ ಪುಟದಲ್ಲಿ ಎಲ್ಲಿದೆ ಎಂಬುದು ಇಲ್ಲಿ ಮಾತ್ರ ಇರಬೇಕು, ಬೇರೆಲ್ಲೂ ಇರಕೂಡದು. ಹೆಸರು, ಹುಡುಕುವ ವಿಧಾನ, ವಿಳಾಸ ಎಂದು ಮೂರು ಕಾಲಂ ಸಾಕು. ಐಡಿ ಬದಲಾದಾಗ ತಿದ್ದುವುದು ಈ ಒಂದೇ ಸಾಲನ್ನು.

ಮೂರನೆಯದು ಪದಗಳ ಫೈಲ್. ಒಂದೊಂದು ಕ್ರಿಯೆಗೂ ಒಂದು ಪೈಥಾನ್ ಫಂಕ್ಷನ್, ಕನ್ನಡ ಪದವನ್ನು ಆ ಫಂಕ್ಷನ್ನಿಗೆ ಜೋಡಿಸುವ ಒಂದು ಡಿಕ್ಷನರಿ. ತೆರೆ, ಬರೆ, ಒತ್ತು, ಆರಿಸು, ಇರಬೇಕು, ಇರಬಾರದು, ನೆನಪಿಡು ಎಂಬ ಏಳು ಪದದಲ್ಲಿ ಸಾಮಾನ್ಯ ಫಾರ್ಮ್ ಪುಟಗಳ ಬಹುಪಾಲು ಟೆಸ್ಟ್ ಮುಗಿಯುತ್ತದೆ. 'ನೆನಪಿಡು' ಪರದೆಯ ಮೇಲಿನ ಆರ್ಡರ್ ನಂಬರಿನಂಥದ್ದನ್ನು ಎತ್ತಿಟ್ಟುಕೊಂಡು ಮುಂದಿನ ಸಾಲಿಗೆ ಕೊಡುತ್ತದೆ.

ನಾಲ್ಕನೆಯದು ರನ್ನರ್. ಸಾಲು ಓದುವುದು, ಪದ ಹುಡುಕುವುದು, ಫಂಕ್ಷನ್ ಕರೆಯುವುದು, ಫಲಿತಾಂಶ ಬರೆಯುವುದು. ಟೆಸ್ಟ್ ಬಿದ್ದರೆ, ಅಂದರೆ ಫೇಲ್ ಆದರೆ, ಆ ಕ್ಷಣದ ಸ್ಕ್ರೀನ್‌ಶಾಟ್ ತೆಗೆದು, ಆ ಬ್ರೌಸರ್ ಮುಚ್ಚಿ, ಹೊಸ ಬ್ರೌಸರಿನಲ್ಲಿ ಮುಂದಿನ ಟೆಸ್ಟ್ ಶುರು ಮಾಡಬೇಕು. ಬಿದ್ದ ಸಾಲಿನ ನಂತರವೂ ಅದೇ ಟೆಸ್ಟನ್ನು ಎಳೆಯಬೇಡಿ. ಒಂದು ತಪ್ಪಿಗೆ ಹತ್ತು ಕೆಂಪು ಸಾಲು ಬಂದರೆ ಅಸಲು ಕಾರಣ ಹುಡುಕುವುದೇ ತಲೆನೋವು.

ಓಡಿಸುವ ಮುಂಚೆ ಎಲ್ಲ ಶೀಟುಗಳನ್ನೂ ಒಂದು ಸುತ್ತು ಬರೀ ಓದಿಸಿ. ಪದಗಳ ಫೈಲಿನಲ್ಲಿ ಇಲ್ಲದ ಪದ, ವಿಳಾಸದ ಫೈಲಿನಲ್ಲಿ ಇಲ್ಲದ ಹೆಸರು ಕಂಡರೆ ಫೈಲ್ ಹೆಸರು, ಸಾಲಿನ ಸಂಖ್ಯೆ ಸಮೇತ ಅಲ್ಲೇ ನಿಲ್ಲಿಸಲಿ. ಅರ್ಧ ಗಂಟೆ ಓಡಿದ ಮೇಲೆ ಕಾಗುಣಿತದ ತಪ್ಪಿಗೆ ಬೀಳುವುದು ತಪ್ಪುತ್ತದೆ.

ಫಂಕ್ಷನ್ನುಗಳ ಒಳಗೆ

ಅತಿ ಹೆಚ್ಚು ಟೆಸ್ಟುಗಳು ಹಾಳಾಗುವುದು ಕಾಯುವ ವಿಷಯದಲ್ಲಿ. ಪುಟ ನಿಧಾನವಾಯಿತೆಂದು ಐದು ಸೆಕೆಂಡಿನ ಸ್ಲೀಪ್ ಹಾಕುವುದು ಸುಲಭ. ಅಂಥದ್ದು 200 ಕಡೆ ಸೇರಿದರೆ 1,000 ಸೆಕೆಂಡ್, ಹತ್ತಿರಹತ್ತಿರ 17 ನಿಮಿಷ ಸುಮ್ಮನೆ ಕೂತಂತೆ. ಇಷ್ಟಾಗಿಯೂ ಸರ್ವರ್ ಆರನೇ ಸೆಕೆಂಡಿಗೆ ಉತ್ತರ ಕೊಟ್ಟರೆ ಟೆಸ್ಟ್ ಬೀಳುತ್ತದೆ. ಸೆಲೆನಿಯಂನ ಎಕ್ಸ್‌ಪ್ಲಿಸಿಟ್ ವೇಟ್ ಬಳಸಿ, ಬೇಕಾದ್ದು ಕಾಣುವವರೆಗೆ ಮಾತ್ರ ಕಾಯುವುದು ಅದರ ಕೆಲಸ. ಗರಿಷ್ಠ 10 ಸೆಕೆಂಡ್ ಎಂದು ಕೊಟ್ಟರೆ ಅರ್ಧ ಸೆಕೆಂಡಿಗೊಮ್ಮೆ ನೋಡುತ್ತದೆ, ಸಿಕ್ಕ ತಕ್ಷಣ ಮುಂದೆ ಹೋಗುತ್ತದೆ. ಈ ಕಾಯುವಿಕೆ ಫಂಕ್ಷನ್ನಿನ ಒಳಗೇ ಇರಲಿ. ಶೀಟಿನಲ್ಲಿ 'ಕಾಯು' ಎಂಬ ಪದವನ್ನು ಬೇಕೆಂದೇ ಕೊಟ್ಟಿಲ್ಲ. ಕೊಟ್ಟರೆ ಎಲ್ಲರೂ ಎಲ್ಲೆಲ್ಲೂ ಅದನ್ನೇ ತುರುಕುತ್ತಾರೆ. ಇದರ ಜೊತೆಗೆ ಎಲ್ಲ ಹುಡುಕಾಟಕ್ಕೂ ಒಟ್ಟಾಗಿ ಅನ್ವಯಿಸುವ ಇಂಪ್ಲಿಸಿಟ್ ವೇಟನ್ನೂ ಹಾಕಬೇಡಿ. ಒಂದು 10, ಇನ್ನೊಂದು 15 ಎಂದಿಟ್ಟರೆ 20 ಸೆಕೆಂಡಿಗೆ ಟೈಮ್‌ಔಟ್ ಆಗಬಹುದು ಎಂದು ಸೆಲೆನಿಯಂ ದಾಖಲೆಯೇ ಎಚ್ಚರಿಸುತ್ತದೆ.

'ಬರೆ' ಫಂಕ್ಷನ್ ಮೂರು ಕೆಲಸ ಮಾಡಬೇಕು: ಮೊದಲು ಪೆಟ್ಟಿಗೆ ಖಾಲಿ ಮಾಡುವುದು, ಬರೆಯುವುದು, ಬರೆದದ್ದನ್ನು ವಾಪಸ್ ಓದಿ ತಾಳೆ ನೋಡುವುದು. ಖಾಲಿ ಮಾಡದಿದ್ದರೆ ಹಳೆಯ ಪಿನ್‌ಕೋಡಿನ ಬಾಲಕ್ಕೆ ಹೊಸದು ಅಂಟಿಕೊಂಡು 560004560004 ಆಗುತ್ತದೆ. ರಿಯಾಕ್ಟ್‌ನಲ್ಲಿ (ವೆಬ್ ಪುಟ ಕಟ್ಟುವ ಲೈಬ್ರರಿ) ಕಟ್ಟಿದ ಕೆಲವು ಪುಟಗಳಿಗೆ ಸೆಲೆನಿಯಂನ ಕ್ಲಿಯರ್ ಎಂಬ ಖಾಲಿ ಮಾಡುವ ಆಜ್ಞೆ ಗೊತ್ತೇ ಆಗುವುದಿಲ್ಲ. ಅಂಥ ಕಡೆ ಕಂಟ್ರೋಲ್ ಮತ್ತು ಎ ಒಟ್ಟಿಗೆ ಕಳಿಸಿ, ಆಮೇಲೆ ಡಿಲೀಟ್ ಕಳಿಸಿ.

'ಒತ್ತು' ಫಂಕ್ಷನ್ನಿನಲ್ಲಿ ಒಂದು ಆಸೆ ಬಿಡಬೇಕು. ಬಟನ್ ಮೇಲೆ ಚಾಟ್ ಗುಳ್ಳೆಯೋ ಕುಕೀ ಪಟ್ಟಿಯೋ ಕೂತಿದ್ದರೆ ಸೆಲೆನಿಯಂ 'ಕ್ಲಿಕ್ ಇಂಟರ್‌ಸೆಪ್ಟೆಡ್' ಎಂದು ಎರರ್ ಕೊಡುತ್ತದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಜಾವಾಸ್ಕ್ರಿಪ್ಟ್ ಮೂಲಕ ಒತ್ತಿ ಎಂಬ ಉಪಾಯ ಮೊದಲು ಸಿಗುತ್ತದೆ. ಮಾಡಬೇಡಿ. ಅಡ್ಡ ಬಂದದ್ದು ಮಾಯವಾಗದಿದ್ದರೆ ಗ್ರಾಹಕರಿಗೂ ಆ ಬಟನ್ ಒತ್ತಲು ಆಗುವುದಿಲ್ಲ, ಅಂದರೆ ಟೆಸ್ಟ್ ಹಿಡಿದದ್ದು ನಿಜವಾದ ಬಗ್. ಜಾವಾಸ್ಕ್ರಿಪ್ಟ್ ಅದನ್ನು ಮುಚ್ಚಿಹಾಕುತ್ತದೆ.

'ಇರಬೇಕು' ಪೂರ್ತಿ ಸಮ ಇದೆಯಾ ಎಂದು ನೋಡಲಿ, ಒಳಗೆ ಎಲ್ಲಾದರೂ ಇದೆಯಾ ಎಂದಲ್ಲ. ₹270 ಎಂಬುದು ₹2700ರ ಒಳಗೂ ಇದೆ.

ಎಲ್ಲಕ್ಕಿಂತ ಮೋಸದ ಪದ 'ಇರಬಾರದು'. ಮೈಸೂರಿನ 570001 ಹಾಕಿ 'ಮುಂದೆ' ಒತ್ತಿದಿರಿ, ಒಟ್ಟು ಮೊತ್ತ ಇರಬಾರದು ಎಂದು ಬರೆದಿರಿ. ಟೆಸ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಪಾಸ್. ಸರ್ವರ್ ಇನ್ನೂ ಉತ್ತರವನ್ನೇ ಕೊಟ್ಟಿಲ್ಲ, ಹಾಗಾಗಿ ಮೊತ್ತ ಇಲ್ಲ! ಒಂದು ಸೆಕೆಂಡ್ ಬಿಟ್ಟು ಮೊತ್ತ ಪ್ರತ್ಯಕ್ಷವಾದರೂ ನೋಡುವವರಿಲ್ಲ. ಆದ್ದರಿಂದ ಇದರ ಮುಂಚಿನ ಸಾಲು ಯಾವಾಗಲೂ ಒಂದು 'ಇರಬೇಕು' ಆಗಿರಲಿ: ಮೊದಲು 'ಈ ಪ್ರದೇಶಕ್ಕೆ ಸೇವೆ ಇಲ್ಲ' ಎಂಬ ಸಂದೇಶ ಬಂದದ್ದು ಖಾತ್ರಿಯಾಗಲಿ, ಆಮೇಲೆ ಮೊತ್ತ ಇಲ್ಲವೆಂದು ನೋಡಿ. ರನ್ನರ್ ಶೀಟುಗಳನ್ನು ಬರೀ ಓದುವ ಸುತ್ತಿನಲ್ಲೇ ಈ ನಿಯಮವನ್ನೂ ಪರೀಕ್ಷಿಸಬಹುದು.

ವಿಳಾಸ ಆರಿಸುವಾಗ

ಡೆವಲಪರ್ ಟೆಸ್ಟಿಗಾಗಿಯೇ ಇಟ್ಟ ಟೆಸ್ಟ್ ಐಡಿ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ, ಅವರಿಗೆ ಅದು ಐದು ನಿಮಿಷದ ಕೆಲಸ. ಮಾಮೂಲಿ ಐಡಿಯೂ ಆಗುತ್ತದೆ, ಆದರೆ ಪುಟವನ್ನು ಎರಡು ಸಲ ರಿಫ್ರೆಶ್ ಮಾಡಿ ನೋಡಿ. ಕೊನೆಯ ಅಂಕಿ ಬದಲಾಗುತ್ತಿದ್ದರೆ ಅದು ಪುಟ ಕಟ್ಟುವ ಫ್ರೇಮ್‌ವರ್ಕ್ ತಾನಾಗಿ ಹುಟ್ಟಿಸಿದ ಐಡಿ, ನಂಬಬೇಡಿ. ಪುಟದ ಆರಂಭದಿಂದ ಡಿವ್ (ಪುಟದ ಭಾಗಗಳು) ಎಣಿಸಿಕೊಂಡು ದಾರಿ ಹೇಳುವ ಉದ್ದನೆಯ ಎಕ್ಸ್‌ಪಾಥ್ ಬೇಡವೇ ಬೇಡ, ನಡುವೆ ಒಂದು ಜಾಹೀರಾತು ಬಂದರೂ ಲೆಕ್ಕ ತಪ್ಪುತ್ತದೆ. ಕನ್ನಡ, ಇಂಗ್ಲಿಷ್ ಎರಡೂ ಇರುವ ಪುಟದಲ್ಲಿ ಬಟನ್ ಮೇಲಿನ ಅಕ್ಷರ ನೋಡಿ ಹುಡುಕುವುದೂ ಆಗದ ಮಾತು.

ಕನ್ನಡ ಪಠ್ಯದ ತಾಪತ್ರಯ

ಶೀಟಿನಲ್ಲಿ 'ಇರಬೇಕು' ಎಂದೇ ಇದೆ, ಆದರೂ ರನ್ನರ್ ಅಂಥ ಪದವಿಲ್ಲ ಎನ್ನುತ್ತದೆ. ಕಣ್ಣಿಗೆ ಎರಡೂ ಒಂದೇ. ಯೂನಿಕೋಡಿನಲ್ಲಿ 'ಬೇ'ಯ ಸ್ವರಚಿಹ್ನೆಯನ್ನು ಎರಡು ರೀತಿ ಬರೆಯಬಹುದು: 0ಸಿಸಿ7 ಎಂಬ ಒಂದೇ ಸಂಕೇತವಾಗಿ, ಇಲ್ಲವೇ ಎತ್ವದ 0ಸಿಸಿ6 ಮತ್ತು ದೀರ್ಘದ 0ಸಿಡಿ5 ಎರಡನ್ನು ಜೋಡಿಸಿ. ಕೀ, ಕೈ, ಕೊ, ಕೋ ಇವುಗಳಿಗೂ ಇದೇ ಕಥೆ. ಪಿಡಿಎಫ್‌ನಿಂದ ಕಾಪಿ ಮಾಡಿದ ಅಥವಾ ಹಳೆಯ ಫಾಂಟಿನಿಂದ ಪರಿವರ್ತಿಸಿದ ಪಠ್ಯದಲ್ಲಿ ಬಿಡಿ ರೂಪ ನುಸುಳಬಹುದು. ಮದ್ದು ಸುಲಭ: ಶೀಟಿನಿಂದ ಓದಿದ್ದನ್ನೂ ಪುಟದಿಂದ ಓದಿದ್ದನ್ನೂ ಹೋಲಿಸುವ ಮುಂಚೆ ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ, ಬಿಡಿ ಸಂಕೇತಗಳನ್ನು ಒಂದುಗೂಡಿಸುವ ಎನ್ಎಫ್‌ಸಿ ರೂಪಕ್ಕೆ ತನ್ನಿ.

ಇಷ್ಟಕ್ಕೆ ಹೋಗದ್ದು ಇನ್ನೊಂದಿದೆ. 'ಪಿನ್‌ಕೋಡ್' ಎಂಬಲ್ಲಿ ನಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವ ಕಾಣದ ಅಕ್ಷರ, ಶೂನ್ಯ ಅಗಲದ 200ಸಿ. ಪದದ ನಡುವೆ ಅದು ಬೇಕು. ಪದದ ಕೊನೆಯಲ್ಲಿ, 'ಕ್ಯಾನ್' ಆದ ಮೇಲೆ ಒಂದು ಉಳಿದುಬಿಟ್ಟರೆ ಯಾರಿಗೂ ಕಾಣುವುದಿಲ್ಲ, ಹೋಲಿಕೆ ಮಾತ್ರ ತಪ್ಪುತ್ತದೆ. ಎನ್ಎಫ್‌ಸಿ ಇದನ್ನು ತೆಗೆಯುವುದಿಲ್ಲ, ತುದಿಯ ಖಾಲಿ ಜಾಗ ಕತ್ತರಿಸುವ ಪೈಥಾನ್‌ನ ಸ್ಟ್ರಿಪ್ ಕೂಡ ತೆಗೆಯುವುದಿಲ್ಲ. ಪದದ ತುದಿಯಲ್ಲಿರುವುದನ್ನು ನೀವೇ ಕಿತ್ತುಹಾಕಬೇಕು.

ಎಕ್ಸೆಲ್‌ನದೂ ಒಂದೆರಡು ಕಾಟ ಇದೆ. ಕನ್ನಡ ಕೆಡದಿರಲು 'ಸಿಎಸ್‌ವಿ ಯುಟಿಎಫ್-8' ಆಯ್ಕೆಯಲ್ಲೇ ಉಳಿಸಬೇಕು. ಹಾಗೆ ಉಳಿಸಿದಾಗ ಫೈಲಿನ ಮೊದಲಿಗೆ ಕಾಣದ ಗುರುತೊಂದು ಸೇರಿ, ಮೊದಲ ಕಾಲಂನ ಹೆಸರು ಸಿಗದೆ ಹೋಗುತ್ತದೆ. ಪೈಥಾನ್‌ನಲ್ಲಿ ಓದುವಾಗ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಎಂದು ಕೊಡಿ. 080 ಎಂಬ ಎಸ್‌ಟಿಡಿ ಕೋಡ್ ಎಕ್ಸೆಲ್‌ನಲ್ಲಿ 80 ಆಗಿಬಿಡುತ್ತದೆ, ಆ ಕಾಲಮನ್ನು ಮೊದಲೇ ಟೆಕ್ಸ್ಟ್ ಮಾಡಿಡಿ.

ಡೇಟಾ

ಹಿಂದಿನ ಟೆಸ್ಟ್ ಮಾಡಿದ ಆರ್ಡರನ್ನು ಮುಂದಿನ ಟೆಸ್ಟ್ ಬಳಸಕೂಡದು. ಪ್ರತಿ ಟೆಸ್ಟ್ ತನಗೆ ಬೇಕಾದ್ದನ್ನು ತಾನೇ ಹುಟ್ಟಿಸಿಕೊಳ್ಳಲಿ. ಬಾಯಿಗೆ ಬಂದ ಹತ್ತಂಕಿ ಮೊಬೈಲ್ ನಂಬರ್ ಹಾಕಿದರೆ ಯಾರದೋ ಫೋನಿಗೆ ರಾತ್ರಿಯಿಡೀ ಒಟಿಪಿ ಹೋಗುತ್ತದೆ. ಟೆಸ್ಟ್ ಸರ್ವರಿನಲ್ಲಿ ಎಸ್‌ಎಂಎಸ್ ನಿಲ್ಲಿಸಿ, ಸ್ಥಿರ ಒಟಿಪಿ ಇಡಲು ಡೆವಲಪರ್‌ಗೆ ಹೇಳಿ. ಕ್ಯಾಪ್ಚಾ ಕೂಡ ಅಲ್ಲಿ ಆಫ್ ಆಗಿರಲಿ. ಪಾಸ್‌ವರ್ಡ್ ಶೀಟಿನಲ್ಲಿ ಬರೆದರೆ, ಫೈಲುಗಳ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುವ ಗಿಟ್‌ನಲ್ಲಿ ಶಾಶ್ವತವಾಗಿ ಉಳಿಯುತ್ತದೆ; ಶೀಟಿನಲ್ಲಿ ಬರೀ ಒಂದು ಹೆಸರು ಇರಲಿ, ರನ್ನರ್ ಅದನ್ನು ಫೈಲುಗಳ ಹೊರಗೆ, ಓಡಿಸುವ ಕಂಪ್ಯೂಟರಿನಲ್ಲೇ ಇಟ್ಟ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ತುಂಬಲಿ.

ಕ್ಯಾನ್ ಸಂಖ್ಯೆಗೆ 0, 1, 5, 6 ನಾಲ್ಕೂ ನೋಡಬೇಕೆಂದರೆ ನಾಲ್ಕು ಶೀಟ್ ಬೇಡ. ಒಂದೇ ಶೀಟ್, ಪಕ್ಕದಲ್ಲಿ ನಾಲ್ಕು ಸಾಲಿನ ಡೇಟಾ ಫೈಲ್. ಅಷ್ಟರಲ್ಲಿ ಯಾರಾದರೂ ಶೀಟಿನಲ್ಲಿ 'ಆದರೆ', 'ಇಲ್ಲದಿದ್ದರೆ' ಪದಗಳೂ ಬೇಕು ಎನ್ನುತ್ತಾರೆ. ಒಪ್ಪಬೇಡಿ. ಷರತ್ತು, ಲೂಪ್ ಬಂದರೆ ಶೀಟೇ ಒಂದು ಕೆಟ್ಟ ಪ್ರೋಗ್ರಾಮಿಂಗ್ ಭಾಷೆಯಾಗುತ್ತದೆ, ಡಿಬಗ್ ಮಾಡಲು ಅದಕ್ಕೊಂದು ಸಾಧನವೂ ಇರುವುದಿಲ್ಲ. ಹಲವು ಹೆಜ್ಜೆ ಸೇರಬೇಕಿದ್ದರೆ 'ಲಾಗಿನ್ ಆಗು' ಎಂಬಂತೆ ಹೊಸ ಪದ ಮಾಡಿ, ಜಾಣತನವೆಲ್ಲ ಪೈಥಾನ್ ಫಂಕ್ಷನ್ನಿನಲ್ಲಿರಲಿ. ಪದಗಳು ಬೆಳೆದು ಮೂವತ್ತು ನಲವತ್ತು ದಾಟಿದರೆ ಸ್ವಂತದ್ದನ್ನು ಬಿಟ್ಟು ರೋಬೋಟ್ ಫ್ರೇಮ್‌ವರ್ಕಿಗೆ ಹೋಗುವುದು ಮೇಲು. ನೋಕಿಯಾದಲ್ಲಿ ಬೆಳೆದು 2008ರಲ್ಲಿ ಓಪನ್ ಸೋರ್ಸ್ ಆದ ಅದೂ ಇದೇ ಪದ್ಧತಿಯದ್ದು, ರಿಪೋರ್ಟ್ ಎಲ್ಲ ಸಿದ್ಧವಾಗಿ ಸಿಗುತ್ತದೆ. ನಿಮ್ಮ ಪೈಥಾನ್ ಫಂಕ್ಷನ್ನುಗಳೂ ಬಹುತೇಕ ಹಾಗೇ ಬಳಕೆಗೆ ಬರುತ್ತವೆ.

ರಾತ್ರಿ ಓಟಕ್ಕೆ ಹಾಕುವ ಮುನ್ನ

ಹೊಸ ಟೆಸ್ಟ್ ಪಾಸಾದರೆ ನಂಬಬೇಡಿ. ₹270 ಅನ್ನು ₹271 ಮಾಡಿ ಓಡಿಸಿ, ಬಿದ್ದರೆ ಮಾತ್ರ ಅದು ಟೆಸ್ಟ್. ಅದೇ ಬಿದ್ದ ಸ್ಥಿತಿಯಲ್ಲಿ, ಟೆಸ್ಟುಗಳನ್ನು ತಾನಾಗಿ ಓಡಿಸುವ ಸಾಧನವಾದ ಜೆಂಕಿನ್ಸ್‌ನಲ್ಲೂ ಒಮ್ಮೆ ಓಡಿಸಿ ನೋಡಿ. ರನ್ನರ್ ಎಲ್ಲ ಎರರ್‌ಗಳನ್ನು ಹಿಡಿದು ಬರೀ ಪ್ರಿಂಟ್ ಮಾಡಿ ಸುಮ್ಮನಾದರೆ ಪ್ರೋಗ್ರಾಂ ಸೊನ್ನೆ ಎಂಬ ಎಕ್ಸಿಟ್ ಕೋಡ್, ಅಂದರೆ ಯಶಸ್ವಿ ಎಂಬ ಸಂಕೇತ, ಕೊಟ್ಟು ಮುಗಿಯುತ್ತದೆ, ಜೆಂಕಿನ್ಸ್ ಎಲ್ಲ ಸರಿಯಿದೆ ಎಂದು ತೋರಿಸುತ್ತದೆ. ಒಂದು ಟೆಸ್ಟ್ ಬಿದ್ದರೂ ಕೊನೆಗೆ 1 ಕೊಡಿ.

ಸರ್ವರಿನ ಗಡಿಯಾರ ಯುಟಿಸಿ ಎಂಬ ವಿಶ್ವ ಪ್ರಮಾಣ ಸಮಯದಲ್ಲಿದ್ದರೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ರಾತ್ರಿ 2 ಗಂಟೆಗೆ ಓಡುವ ಟೆಸ್ಟ್ 'ಇಂದಿನ ದಿನಾಂಕ' ಎಂದರೆ ನಿನ್ನೆಯದ್ದನ್ನು ಬರೆಯುತ್ತದೆ. ಹಗಲು ಓಡಿಸಿದಾಗ ಎಲ್ಲ ಸರಿ. ದಿನಾಂಕ ಲೆಕ್ಕ ಹಾಕುವ ಕಡೆಯೆಲ್ಲ ಏಷ್ಯಾ/ಕೋಲ್ಕತಾ ಎಂದು ಸ್ಪಷ್ಟವಾಗಿ ಕೊಡಿ. ಲಿನಕ್ಸ್ ಸರ್ವರಿನ ಸ್ಕ್ರೀನ್‌ಶಾಟಿನಲ್ಲಿ ಕನ್ನಡದ ಬದಲು ಖಾಲಿ ಚೌಕ ಕಂಡರೆ ಗಾಬರಿ ಬೇಡ, ಫಾಂಟ್ ಇಲ್ಲ ಅಷ್ಟೇ. ನೋಟೊ ಸ್ಯಾನ್ಸ್ ಕನ್ನಡ ಹಾಕಿಸಿ.

ಬಿದ್ದ ಟೆಸ್ಟನ್ನು ತಾನಾಗಿ ಮತ್ತೊಮ್ಮೆ ಓಡಿಸುವ ಸೌಲಭ್ಯ ಇಡಬಹುದು, ಒಂದೇ ಸಲ. ಎರಡನೇ ಸಲ ಪಾಸಾದದ್ದನ್ನು ರಿಪೋರ್ಟಿನಲ್ಲಿ ಹಸಿರಿಗೆ ಸೇರಿಸದೆ ಹಳದಿ ಮಾಡಿ, ಮೊದಲ ಸಲದ ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಿ. ಒಂದೇ ಹೆಸರು ವಾರದಲ್ಲಿ ಎರಡು ಸಲ ಹಳದಿಯಾದರೆ ಅದನ್ನು ರಾತ್ರಿಯ ಪಟ್ಟಿಯಿಂದ ಎತ್ತಿ ಬೇರೆ ಫೋಲ್ಡರಿಗೆ ಹಾಕಿ, ಸರಿಪಡಿಸುವವರ ಹೆಸರನ್ನೂ ಅದರ ಮುಂದೆ ಬರೆದಿಡಿ.