ಬೀಜ ಕಂದಾಗುವವರೆಗೆ ಕಾದ ಶಿರಾಜ್

ನಮ್ಮ ವಿಜಯಪುರದ ಕಡೆ ದ್ರಾಕ್ಷಿ ಅಂದರೆ ಬಹುಪಾಲು ಥಾಮ್ಸನ್. ಅದರಲ್ಲಿ ಬೀಜವೇ ಇಲ್ಲ. ಒಣದ್ರಾಕ್ಷಿ ಮಾಡುವವರಿಗೆ ಬೇಕಾದದ್ದು ಸಿಹಿ. ನಾನೂ ಅದೇ ಅಭ್ಯಾಸದಲ್ಲಿ ಬೆಳೆದವನು. ಅದಕ್ಕೇ ಒಂದು ಎಕರೆಯಲ್ಲಿ ವೈನ್ ದ್ರಾಕ್ಷಿ ಶಿರಾಜ್ ಹಾಕಿದಾಗಲೂ ಸಿಹಿ ನೋಡಿಯೇ ಕೊಯ್ದೆ. ರಸದ ಸಿಹಿ ಅಳೆಯುವ ರಿಫ್ರಾಕ್ಟೋಮೀಟರ್ 24 ಬ್ರಿಕ್ಸ್ (ನೂರು ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ ಸಕ್ಕರೆ) ತೋರಿಸಿತು, ಮರುದಿನವೇ ಕತ್ತರಿ ಹಿಡಿದೆವು.

ಆ ವರ್ಷದ ವೈನಿಗೆ ಒಳ್ಳೆಯ ಬಣ್ಣ ಬಂದಿತ್ತು. ಬಾಯಿಗೆ ಹಾಕಿದರೆ ಮಾತ್ರ ಹಸಿ ಅಡಿಕೆ ಜಗಿದ ಹಾಗೆ ಒಗರು. ಒಂದು ವರ್ಷ ಇಟ್ಟರೂ ಅದು ಹೋಗಲಿಲ್ಲ. ತುಂಬಾ ಬೇಜಾರಾಯಿತು.

ಕಾರಣ ಬೀಜದಲ್ಲಿತ್ತು. ನಮ್ಮ ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಬೇಗ ಏರುತ್ತದೆ. ಬೀಜ ಅಷ್ಟು ಬೇಗ ಬಲಿಯುವುದಿಲ್ಲ. ಹಣ್ಣು ಹುದುಗುವಾಗ ಹುಟ್ಟುವ ಮದ್ಯ ಎಳೆಯ ಬೀಜದ ಒಗರನ್ನೆಲ್ಲ ಹೊರಗೆ ಎಳೆದುಬಿಡುತ್ತದೆ.

ಮುಂದಿನ ವರ್ಷ ಜನವರಿ ಕೊನೆಯಿಂದ ದಿನಾ ಬೆಳಿಗ್ಗೆ ಸಾಲು ಸಾಲು ಸುತ್ತಿದೆ. ಬಿಸಿಲು ಬೀಳುವ ಕಡೆಯದೊಂದು, ನೆರಳಿನದೊಂದು ಹಣ್ಣು ಬಾಯಿಗೆ. ಸಿಪ್ಪೆ ಜಗಿದು, ಬೀಜವನ್ನು ಅಂಗೈ ಮೇಲೆ ಉಗುಳಿ ನೋಡುವುದು. 24 ಬ್ರಿಕ್ಸ್ ದಾಟಿದ ದಿನವೂ ಬೀಜದ ಬೆನ್ನು ಹಸಿರಾಗಿಯೇ ಇತ್ತು. ತೋಟ ನೋಡಿಕೊಳ್ಳುವ ಕಾಕಾಗೆ ಚಿಂತೆ ಶುರುವಾಯಿತು. "ಹಣ್ಣು ಬಾಡಾಕತ್ತಾವು, ಇನ್ನೂ ಎಷ್ಟು ದಿನ ಕಾಯೂದು?" ಅಂದರು. ನನಗೂ ನಿದ್ದೆ ಇರಲಿಲ್ಲ. ಹಕ್ಕಿಗಳು ಬೇರೆ ತಿನ್ನುತ್ತಿದ್ದವು. ಒಂಬತ್ತು ದಿನ ಕಾದೆ. ಬೀಜ ಕಂದು ಬಣ್ಣಕ್ಕೆ ತಿರುಗಿ, ಹಲ್ಲಿಗೆ ಹುರಿದ ಕಡಲೆಯಂತೆ ಕಟುಂ ಅಂದ ದಿನ, ಬೆಳಗಿನ ಜಾವ ತಂಪಿನಲ್ಲಿ ಕೊಯ್ದೆವು.

ಕಾದಿದ್ದಕ್ಕೆ ಹುಳಿ ಕಡಿಮೆಯಾಗಿತ್ತು, ಹುಳಿ ಇಳಿದಷ್ಟೂ ಏರುವ ಪಿಎಚ್ 3.8ಕ್ಕೆ ಮುಟ್ಟಿತ್ತು. ಲೀಟರಿಗೆ ಒಂದೂವರೆ ಗ್ರಾಂ ಟಾರ್ಟಾರಿಕ್ ಆಮ್ಲ ಸೇರಿಸಿದೆ. ಅದು ದ್ರಾಕ್ಷಿಯಲ್ಲೇ ಇರುವ ಹುಳಿ.

ನನಗೆ ಸ್ವಂತ ವೈನರಿ ಇಲ್ಲ. ಪರವಾನಗಿ ಇರುವ ಒಂದು ಕಡೆ 1000 ಲೀಟರಿನ ಟ್ಯಾಂಕ್ ಬಾಡಿಗೆಗೆ ಹಿಡಿದಿದ್ದೇನೆ. ಮುಕ್ಕಾಲು ಟನ್ ಹಣ್ಣು ಹಾಕಿ ಮೇಲೆ ಜಾಗ ಬಿಡಬೇಕು. ಶಿರಾಜ್ ರಸಕ್ಕೆ ಬಣ್ಣವಿಲ್ಲ, ಕೆಂಪು ಇರುವುದು ಸಿಪ್ಪೆಯಲ್ಲಿ. ಹುದುಗುವಾಗ ಏಳುವ ಗ್ಯಾಸ್ ಆ ಸಿಪ್ಪೆಯನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಮೂರು ಸಲ ರಸದೊಳಗೆ ಅದುಮುತ್ತಿದ್ದೆ. ಆಗ ಟ್ಯಾಂಕಿನೊಳಗೆ ಬಗ್ಗಬೇಡಿ, ಒಬ್ಬರೇ ಇರಬೇಡಿ. ಆ ಗ್ಯಾಸ್ ಇಂಗಾಲದ ಡೈಆಕ್ಸೈಡ್, ಪ್ರಾಣ ತೆಗೆಯುತ್ತದೆ.

ನಾಲ್ಕನೇ ದಿನ ಕರೆಂಟ್ ಹೋಯಿತು, ಟ್ಯಾಂಕ್ ತಂಪು ಮಾಡುವ ಚಿಲ್ಲರ್ ನಿಂತಿತು. ಉಷ್ಣತೆ 33 ಡಿಗ್ರಿ. ಇನ್ನೂ ಏರಿದರೆ ಹುದುಗಿಸುವ ಯೀಸ್ಟ್ ಸೋತು, ಸಕ್ಕರೆ ಮದ್ಯವಾಗದೆ ಅರ್ಧಕ್ಕೇ ಉಳಿದುಬಿಡುತ್ತದೆ. ಐಸ್ ಫ್ಯಾಕ್ಟರಿಯಿಂದ ಗಡ್ಡೆ ತರಿಸಿ, ತೊಳೆದ ಸ್ಟೀಲ್ ಕ್ಯಾನುಗಳಲ್ಲಿ ತುಂಬಿ, ಬಾಯಿ ಬಿಗಿದು ಹಗ್ಗ ಕಟ್ಟಿ ಇಳಿಬಿಟ್ಟೆವು. ರಾತ್ರಿಯಿಡೀ ಕ್ಯಾನ್ ಬದಲಿಸಿದೆವು. ಬೆಳಗಾಗುವಷ್ಟರಲ್ಲಿ 27ಕ್ಕೆ ಇಳಿದಿತ್ತು.

ಎಂಟನೇ ದಿನ ಬಸಿದೆ. ತಾನಾಗಿ ಇಳಿದ ವೈನ್ ಬೇರೆ, ಸಿಪ್ಪೆ ಹಿಂಡಿ ಬಂದದ್ದು ಬೇರೆ. ಹಿಂಡಿದ್ದರಲ್ಲಿ ಒಗರು ಜಾಸ್ತಿ, ಅದನ್ನು ಬೆರೆಸಲಿಲ್ಲ. ಉಳಿದದ್ದು 225 ಲೀಟರಿನ ಎರಡು ಹಳೆಯ ಓಕ್ ಪೀಪಾಯಿಗಳಿಗೆ ಹೋಯಿತು.

ಹತ್ತು ತಿಂಗಳ ನಂತರ ಮೊನ್ನೆ ಒಂದು ಲೋಟ ತೆಗೆದು ನೋಡಿದೆ. ಒಗರು ಇದೆ, ಆದರೆ ಗಟ್ಟಿ ಚಹಾದಷ್ಟು. ಅದರ ಹಿಂದೆ ನೇರಳೆ ಹಣ್ಣಿನ ವಾಸನೆ. ಕಾಕಾ ಕುಡಿಯುವವರಲ್ಲ, ಮೂಸಿ ನೋಡಿ ನಕ್ಕರು. ಈ ಸಲದ ಅಕ್ಟೋಬರ್ ಚಾಟ್ನಿಯನ್ನು, ಅಂದರೆ ಬಳ್ಳಿ ಸವರುವುದನ್ನು, ಹತ್ತು ದಿನದ ಅಂತರದಲ್ಲಿ ಎರಡು ಭಾಗವಾಗಿ ಮಾಡಿದ್ದೇವೆ. ಯಾವ ಸಾಲಿನ ಬೀಜ ಮೊದಲು ಕಂದಾಗುತ್ತದೋ ಅದನ್ನು ಬೇರೆಯಾಗಿಯೇ ಹುದುಗಿಸುತ್ತೇನೆ.