ಕರ್ಸರ್ ಗುರಿ ದಾಟಿ ಹೋಗುತ್ತಿದ್ದುದಕ್ಕೆ ಸಿಕ್ಕ ಪರಿಹಾರ

ನಮ್ಮ ಚಲನಾ ಕೌಶಲ ಕಲಿಕೆಯ ಪ್ರಯೋಗದಲ್ಲಿ ಕರ್ಸರನ್ನು ಕೈಯ ದಿಕ್ಕಿನಿಂದ 30 ಡಿಗ್ರಿ ತಿರುಗಿಸಿ ತೋರಿಸುತ್ತೇವೆ. ತಿರುಗಿಸುವ ಮೊದಲಿನ ಅಭ್ಯಾಸ ಸುತ್ತಿನಲ್ಲೇ ತೊಂದರೆ ಕಾಣಿಸಿತು: ಕೋನದ ದೋಷ, ಅಂದರೆ ಗುರಿಯ ದಿಕ್ಕಿನಿಂದ ಕರ್ಸರ್ ಓರೆಯಾಗುವ ಪ್ರಮಾಣ, ನಿರೀಕ್ಷೆಯಂತೆಯೇ ಇದ್ದರೂ, ಮೌಸ್ ಹಿಡಿದು ವೇಗವಾಗಿ ಕೈ ಚಾಚಿದವರ ಕರ್ಸರ್ ಗುರಿಯನ್ನು ದಾಟಿ ಹೋಗುತ್ತಿತ್ತು, ನಿಧಾನಿಗಳದ್ದು ಗುರಿ ಮುಟ್ಟುತ್ತಲೇ ಇರಲಿಲ್ಲ.

ಮೌಸ್ ಬದಲಿಸಿದೆ, ಮೇಜಿನ ಹಾಸು ಬದಲಿಸಿದೆ, ದತ್ತಾಂಶಕ್ಕೆ ಫಿಲ್ಟರ್ ಹಾಕಿದೆ. ಯಾವುದೂ ಫಲ ಕೊಡಲಿಲ್ಲ. ಭಾಗಿಗಳಿಗೆ ಕೊಡುವ ಸೂಚನೆಯನ್ನು ತಿದ್ದಿದ್ದಂತೂ ವ್ಯರ್ಥ ಕೆಲಸ.

ಕೊನೆಗೆ ಉಕ್ಕಿನ ಸ್ಕೇಲೊಂದನ್ನು ಮೇಜಿಗೆ ಟೇಪಿನಿಂದ ಅಂಟಿಸಿ, ಅದರ ಅಂಚಿಗೆ ತಾಗಿಸಿ ಮೌಸನ್ನು 10 ಸೆಂ.ಮೀ. ತಳ್ಳಿದೆ, ಒಮ್ಮೆ ನಿಧಾನವಾಗಿ, ಒಮ್ಮೆ ಜೋರಾಗಿ. ಅಂತರ ಒಂದೇ ಆದರೂ ಕರ್ಸರ್ ಸಾಗಿದ ದೂರ ಬೇರೆ ಬೇರೆಯಾಗಿತ್ತು. ಅಂದರೆ ದೋಷ ಇದ್ದುದು ವಿಂಡೋಸ್‌ನ ವೇಗವರ್ಧನೆಯಲ್ಲಿ: ಮೌಸನ್ನು ಜೋರಾಗಿ ತಳ್ಳಿದಷ್ಟೂ ಅದು ಕರ್ಸರನ್ನು ಹೆಚ್ಚು ದೂರ ಒಯ್ಯುತ್ತದೆ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೌಸ್, ಅದರೊಳಗೆ ಪಾಯಿಂಟರ್ ಆಪ್ಷನ್ಸ್ ತೆರೆದು, ಮೊದಲು 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್' ಎದುರಿನ ಗುರುತನ್ನು ತೆಗೆಯಬೇಕು; ವೇಗವರ್ಧನೆಗೆ ಅಲ್ಲಿರುವ ಹೆಸರು ಇದೇ. ನಂತರ ವೇಗದ ಪಟ್ಟಿಯನ್ನು 11 ಹಂತಗಳಲ್ಲಿ ಸರಿಯಾಗಿ 6ನೆಯದಕ್ಕೆ ಇಡಬೇಕು. ಆ ಹಂತದಲ್ಲಿ ಮಾತ್ರ ಮೌಸಿನ ಒಂದು ಎಣಿಕೆಗೆ (ಅದು ಅಳೆಯುವ ಚಲನೆಯ ಅತಿ ಚಿಕ್ಕ ಘಟಕಕ್ಕೆ) ಕರ್ಸರ್ ಒಂದು ಪಿಕ್ಸೆಲ್ ಚಲಿಸುತ್ತದೆ. ಡಿಸ್‌ಪ್ಲೇ ಸ್ಕೇಲಿಂಗ್ (ಪರದೆಯ ಮೇಲಿನದನ್ನು ಹಿಗ್ಗಿಸಿ ತೋರಿಸುವ ಪ್ರಮಾಣ) 100 ಪ್ರತಿಶತ ಇರಲಿ. ಬಳಿಕ ಸ್ಕೇಲಿನ ಪರೀಕ್ಷೆಯನ್ನು ಮತ್ತೆ ಮಾಡಬೇಕು: 400 ಡಿಪಿಐ (ಇಂಚಿಗೆ 400 ಎಣಿಕೆ) ಮೌಸಿನಲ್ಲಿ 10 ಸೆಂ.ಮೀ.ಗೆ ಸುಮಾರು 1575 ಪಿಕ್ಸೆಲ್ ಬರಬೇಕು, ತಳ್ಳುವ ವೇಗ ಎಷ್ಟೇ ಇರಲಿ.

ಈ ಮೌಸ್ ಸೆಟ್ಟಿಂಗ್ ಪ್ರತಿ ಬಳಕೆದಾರರ ಖಾತೆಗೂ ಪ್ರತ್ಯೇಕವಾಗಿರುತ್ತದೆ. ಲ್ಯಾಬಿನ ಕಂಪ್ಯೂಟರಿಗೆ ಒಬ್ಬೊಬ್ಬರೂ ತಮ್ಮದೇ ಖಾತೆಯಿಂದ ಲಾಗಿನ್ ಆಗುತ್ತಿದ್ದುದರಿಂದಲೇ ಒಂದು ದಿನ ಸರಿಯಿದ್ದದ್ದು ಮರುದಿನ ಕೆಡುತ್ತಿತ್ತು. ಈಗ ಪ್ರಯೋಗಕ್ಕೆಂದೇ ಒಂದು ಖಾತೆ ಇಟ್ಟಿದ್ದೇವೆ.