ಎರಡೂವರೆ ಮನೆ ಶ್ರುತಿ: ಹಿರಿಯರ ನಿವಾಸದಲ್ಲಿ ಹಾಡಿನ ಬಳಗ ನಡೆಸುವ ಬಗೆ

ಹಿರಿಯರ ನಿವಾಸದಲ್ಲಿ ಹಾಡಿನ ಬಳಗ ಕಟ್ಟಲು ಹೊರಟವರು ಮೊದಲು ಪದಾಧಿಕಾರಿಗಳನ್ನು ಆರಿಸುತ್ತಾರೆ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಆಮೇಲೆ ಒಂದು ಬ್ಯಾನರ್. ಅದೆಲ್ಲ ಬೇಡ. ಎಲ್ಲರ ಗಂಟಲಿಗೂ ಒಗ್ಗುವ ಒಂದು ಶ್ರುತಿ, ಅಂದರೆ ಹಾಡಿಗೆ ಆಧಾರವಾಗುವ ಸ್ವರ, ಹುಡುಕಿ. ನಾನು ಸಂಗೀತಗಾರನಲ್ಲ; ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರ್ ಆಗಿದ್ದವನು, ಹಾರ್ಮೋನಿಯಂ ಮೇಲೆ ತಕ್ಕಮಟ್ಟಿಗೆ ಬೆರಳು ಓಡುತ್ತದೆ, ಅಷ್ಟೇ. ಮೈಸೂರಿನ ಹೊರವಲಯದ ನಮ್ಮ ನಿವಾಸದಲ್ಲಿ ಬಳಗ ನಡೆಸುತ್ತ ನಾನು ಕಂಡದ್ದು ಇಷ್ಟು: ಶ್ರುತಿ ಸರಿಹೋದರೆ ಮುಕ್ಕಾಲು ಪಾಲು ಜಗಳ ಹುಟ್ಟುವುದೇ ಇಲ್ಲ.

ಶ್ರುತಿಯನ್ನು ಹಾರ್ಮೋನಿಯಂ ಮನೆಗಳಿಂದ, ಅಂದರೆ ಬೆರಳಿಂದ ಒತ್ತುವ ಪಟ್ಟಿಗಳಿಂದ, ಹೇಳುತ್ತಾರೆ: ಬಿಳಿಯವು ಒಂದು, ಎರಡು; ಕಪ್ಪಿನವು ಒಂದೂವರೆ, ಎರಡೂವರೆ; ಸಂಖ್ಯೆ ಹೆಚ್ಚಿದಷ್ಟೂ ದನಿ ಮೇಲೆ. ಚಿಕ್ಕಂದಿನಲ್ಲಿ ಪಾಠ ಹೇಳಿಸಿಕೊಂಡ ಹೆಂಗಸರು ಐದು, ಐದೂವರೆ ಮನೆಯಲ್ಲಿ ಹಾಡಿದವರು. ಈಗಲೂ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಪಲ್ಲವಿ ಮುಗಿದು ಅನುಪಲ್ಲವಿ ಬರುವಷ್ಟರಲ್ಲಿ ಕೆಮ್ಮು. ವಯಸ್ಸಾದಂತೆ ಹೆಂಗಸರ ದನಿ ಕೆಳಗಿಳಿಯುತ್ತದೆ, ಗಂಡಸರದು ತುಸು ಮೇಲೇರುತ್ತದೆ. ಅಂದರೆ ಎರಡೂ ಹತ್ತಿರ ಬರುತ್ತವೆ. ಕಾಲೇಜು ಹುಡುಗ ಹುಡುಗಿಯರ ವೃಂದಗಾನಕ್ಕಿಲ್ಲದ ಅನುಕೂಲ ನಮಗಿದೆ. ಇದನ್ನು ಯಾರೂ ಬಳಸಿಕೊಳ್ಳುವುದಿಲ್ಲ.

ಶ್ರುತಿ ಹುಡುಕಲು ಒಬ್ಬೊಬ್ಬರನ್ನೇ ನಿಲ್ಲಿಸಿ ಹಾಡಿಸಬೇಡಿ. ಪರೀಕ್ಷೆ ಎಂದರೆ ಎಪ್ಪತ್ತೈದರಲ್ಲೂ ಭಯವೇ. ತಂಬೂರಿ, ಹಾರ್ಮೋನಿಯಂ ಎರಡನ್ನೂ ಮುಚ್ಚಿಟ್ಟು, ಎಲ್ಲರಿಗೂ ಬರುವ ಆರತಿ ಹಾಡೊಂದನ್ನು ಹೆಂಗಸರಷ್ಟೇ ಹಾಡಲಿ. ಮೇಳವಿಲ್ಲದೆ ಹಾಡಿದಾಗ ಗಂಟಲು ತನಗೆ ಹಿತವಾದ ಕಡೆ ತಾನೇ ನಿಲ್ಲುತ್ತದೆ. ಎಲ್ಲಿ ನಿಂತಿತೆಂದು ಮೆಲ್ಲಗೆ ಹಾರ್ಮೋನಿಯಂ ಒತ್ತಿ ಗುರುತು ಹಾಕಿಕೊಳ್ಳಿ. ಆಮೇಲೆ ಗಂಡಸರು. ನಮ್ಮಲ್ಲಿ ಹೆಂಗಸರು ನಾಲ್ಕು ಮನೆಯ ಆಸುಪಾಸು, ಗಂಡಸರು ಒಂದರ ಆಸುಪಾಸು ಬಂದರು. ನಡುವೆ ಎರಡೂವರೆಗೆ, ಅಂದರೆ ಎರಡನೆಯ ಕಪ್ಪು ಮನೆಗೆ, ನಿಲ್ಲಿಸಿದೆ. ಮಧ್ಯ ಷಡ್ಜದಿಂದ ತಾರ ಷಡ್ಜದೊಳಗೆ, ಅಂದರೆ ಕೆಳಗಿನ ‘ಸ’ದಿಂದ ಮೇಲಿನ ‘ಸ’ದೊಳಗೆ, ಮುಗಿಯುವ ಹಾಡು ಯಾವುದಾದರೂ ಅಲ್ಲಿ ಎಲ್ಲರಿಗೂ ಬರುತ್ತದೆ. ಅದಕ್ಕಿಂತ ಮೇಲೆ ಹತ್ತುವ ಚರಣವನ್ನು ತಾಕತ್ತಿರುವ ಒಬ್ಬರಿಗೋ ಇಬ್ಬರಿಗೋ ಬಿಟ್ಟು, ಮಿಕ್ಕವರು ಪಲ್ಲವಿಗೆ ಸೇರಿಕೊಂಡರಾಯಿತು.

ಕರೋಕೆ ಪ್ರಿಯರಿಗೂ ಇದೇ ಮಾತು. ಆ ಟ್ರ್ಯಾಕುಗಳು ಸಾಮಾನ್ಯವಾಗಿ ಮೂಲ ಗಾಯಕರ ಶ್ರುತಿಯಲ್ಲಿರುತ್ತವೆ. ಪಿ.ಬಿ. ಶ್ರೀನಿವಾಸ್ ಹಾಡು ನಮ್ಮ ಗಂಡಸರಿಗೆ ಹೇಗೋ ಎಟುಕುತ್ತದೆ, ಎಸ್. ಜಾನಕಿ ಹಾಡಿಗೆ ಕೈಹಾಕಿದರೆ ಕಷ್ಟ. ಶ್ರುತಿ ಇಳಿಸುವ ಸೌಲಭ್ಯವಿರುವ ಆ್ಯಪ್ ಬಳಸಿ, ಎರಡು ಮೂರು ಮನೆ ಕೆಳಗೆ ತನ್ನಿ, ನಾಚಿಕೆ ಬೇಡ.

ಕಿವಿಯ ವಿಷಯ ಗಂಟಲಿಗಿಂತ ದೊಡ್ಡದು. ಶ್ರವಣ ಸಾಧನ ಮಾತಿಗಾಗಿ ಮಾಡಿದ್ದು. ಒಂದೇ ಸಮನೆ ಮೊರೆಯುವ ತಂಬೂರಿಯನ್ನು ಅದು ಫ್ಯಾನಿನ ಸದ್ದೆಂದು ತಿಳಿದು ತಗ್ಗಿಸಿಬಿಡಬಹುದು. ನೀಳವಾಗಿ ಹಿಡಿದ ಸ್ವರವನ್ನು ತನ್ನದೇ ಶಿಳ್ಳೆಯೆಂದು ತಿಳಿದು ಕೆಡಿಸಬಹುದು. ಪಾಪ, ಸಾಧನ ಹಾಕಿಕೊಂಡು ಹಾಡುವವರನ್ನು ‘ಅಪಶ್ರುತಿ’ ಎಂದು ಪಕ್ಕದವರು ಗೊಣಗುತ್ತಾರೆ, ಅವರಿಗೆ ಶ್ರುತಿಯೇ ಕೇಳಿಸುತ್ತಿರುವುದಿಲ್ಲ. ಅನೇಕ ಡಿಜಿಟಲ್ ಸಾಧನಗಳಲ್ಲಿ ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ ಇರುತ್ತದೆ. ಆಡಿಯಾಲಜಿಸ್ಟರನ್ನು, ಅಂದರೆ ಶ್ರವಣ ತಜ್ಞರನ್ನು, ಕೇಳಿ ಹಾಕಿಸಿಕೊಳ್ಳಬೇಕು. ಮೈಸೂರಿನವರಿಗಂತೂ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಅದಾಗುವವರೆಗೆ ಸಾಧನ ಹಾಕಿದವರನ್ನು ಹಾರ್ಮೋನಿಯಂ ಪಕ್ಕಕ್ಕೆ ಕೂರಿಸಿ. ಮೊಬೈಲಿನ ತಂಬೂರಿಯನ್ನು ಮೊಬೈಲಿನಲ್ಲೇ ಬಿಟ್ಟರೆ ಯಾರಿಗೂ ಕೇಳಿಸದು. ಸ್ಪೀಕರಿಗೆ ಜೋಡಿಸಿ ವೃತ್ತದ ನಡುವೆ ಇಡಿ. ತಾಳ ಒಂದೇ ಜೊತೆ ಸಾಕು. ನಾಲ್ಕು ಜೊತೆ ಕೊಟ್ಟರೆ ನಾಲ್ಕು ಕಾಲಪ್ರಮಾಣ, ಸಾಧನ ಹಾಕಿದವರಿಗೆ ತಲೆನೋವು ಬೇರೆ.

ಹಾಡಿನ ಪುಸ್ತಕ ಮಾಡಿಸುವಾಗ ಅಕ್ಷರದ ಅಳತೆಯನ್ನಷ್ಟೇ ಹೆಚ್ಚಿಸಿದರೆ ಸಾಲದು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ, ಅದೂ ಚಿಕ್ಕದಾಗಿ. ಸಾಲುಗಳು ಒತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಕನ್ನಡಕದೊಳಗಿನ ಕಣ್ಣಿಗೆ ಎರಡೂ ಕಾಣುವುದಿಲ್ಲ. 22 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ, ಹೊಳಪಿಲ್ಲದ ಕಾಗದ, ಸ್ಪೈರಲ್ ಬೈಂಡಿಂಗ್. ಹಾಡು ಎರಡು ಪುಟಕ್ಕೆ ಹೋದರೆ ಎದುರುಬದುರು ಪುಟದಲ್ಲಿರಲಿ. ನಡುಗುವ ಕೈಯವರು ಚರಣದ ಮಧ್ಯೆ ಹಾಳೆ ತಿರುವುವಂತಾಗಬಾರದು. ಪ್ರತಿ ಹಾಡಿನ ತಲೆಯ ಮೇಲೆ ರಾಗ, ತಾಳ, ನೀವು ಹಾಡುವ ಶ್ರುತಿ.

ಯಾವ ಹಾಡು? ದಾಸರ ಪದಗಳು ಬಳಗಕ್ಕೆ ಹೇಳಿಮಾಡಿಸಿದವು: ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಮರೆತವರೂ ಅಲ್ಲಿ ಸೇರಿಕೊಳ್ಳಬಹುದು. ವಚನ ಒಬ್ಬರೇ ಹಾಡಿದರೆ ಚೆಂದ. ಗುಂಪಿನಲ್ಲಿ ಉಸಿರು ಎಲ್ಲಿ ಬಿಡಬೇಕೆಂದು ಗೊತ್ತಾಗದೆ ಚದುರಿಹೋಗುತ್ತದೆ. ಭಾವಗೀತೆಗೆ ಬೇಡಿಕೆ ಬಹಳ. ದೇಹ ನಶ್ವರ, ಸಂಸಾರ ಮಿಥ್ಯೆ ಎನ್ನುವ ಪದಗಳು ಒಂದು ಸಂಜೆಗೆ ಒಂದೇ ಇರಲಿ ಎಂಬುದು ನನ್ನ ಕಟ್ಟುನಿಟ್ಟು. ಅದು ನಮಗೆ ಯಾರೂ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ತಮಿಳು, ಕೊಂಕಣಿ, ಹಿಂದಿ ಮಾತನಾಡುವವರಿದ್ದರೆ ಅವರ ಭಾಷೆಯ ಹಾಡನ್ನೂ ಕನ್ನಡ ಲಿಪಿಯಲ್ಲೇ ಅಚ್ಚುಹಾಕಿಸಿ, ಕನ್ನಡ ಓದಲು ಬಾರದವರಿಗೆ ಅವರವರ ಲಿಪಿಯಲ್ಲೊಂದು ಪ್ರತಿ.

ನಾಡಗೀತೆಯ ಧಾಟಿಯ ಬಗ್ಗೆ ತಕರಾರು ಬಂದೇ ಬರುತ್ತದೆ. ಮೈಸೂರು ಅನಂತಸ್ವಾಮಿಯವರ ಧಾಟಿಯೋ, ಸಿ. ಅಶ್ವತ್ಥ್ ಅವರದೋ? ರಾಜ್ಯ ಸರ್ಕಾರ 2022ರಲ್ಲಿ ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನೊಳಗೆ ಹಾಡಬೇಕೆಂದು ಗೊತ್ತುಮಾಡಿದೆ. ಆ ಮಾತು ಹೇಳಿ ಹಾರ್ಮೋನಿಯಂ ತಿದಿ ಒತ್ತಿಬಿಡಿ.

ಇನ್ನು ಜನ. ಪ್ರತಿ ನಿವಾಸದಲ್ಲೂ ಒಬ್ಬರು ಹಿಂದೆ ಆಕಾಶವಾಣಿಯಲ್ಲಿ ಹಾಡಿದವರಿರುತ್ತಾರೆ. ಅವರಿಗೆ ಮೊದಲ ಹತ್ತು ನಿಮಿಷ ಕೊಡಿ: ಮಾಯಾಮಾಳವಗೌಳ ರಾಗದಲ್ಲಿ ನಿಧಾನವಾಗಿ ಸರಳೆ ವರಸೆ, ಅಂದರೆ ಸಂಗೀತದ ಮೊದಲ ಸ್ವರಪಾಠ, ಹೇಳಿಕೊಡಲಿ, ಎಲ್ಲರ ಗಂಟಲೂ ಬಿಸಿಯಾಗುತ್ತದೆ, ಅವರ ಮರ್ಯಾದೆಯೂ ಉಳಿಯುತ್ತದೆ. ಹಾಡಿನ ನಡುವೆ ತಿದ್ದುವುದು ಮಾತ್ರ ಬೇಡವೆಂದು ಒಬ್ಬರೇ ಸಿಕ್ಕಾಗ ಹೇಳಬೇಕು, ಎಲ್ಲರೆದುರು ಅಲ್ಲ. ‘ನನಗೆಲ್ಲಿ ಹಾಡಲು ಬರುತ್ತದೆ ಸಾರ್, ಸುಮ್ಮನೆ ಕೇಳುತ್ತೇನೆ’ ಎಂದು ಹಿಂದಿನ ಸಾಲಿನಲ್ಲಿ ಕೂರುವ ರಾಯರೊಬ್ಬರೂ ಇರುತ್ತಾರೆ. ಅವರ ಕೈಗೆ ತಾಳ ಕೊಡಿ. ಹಿಂದಿನ ಸಾಲೇ ಇಲ್ಲದಂತೆ ಕುರ್ಚಿಗಳನ್ನು ವೃತ್ತವಾಗಿ ಹಾಕಿಸಿದರೆ ಇನ್ನೂ ಒಳ್ಳೆಯದು. ಕುರ್ಚಿಗೆ ಕೈ ಇರಲಿ, ಏಳಲು ಬೇಕು. ಹಾಡುವಾಗ ಮಾತ್ರ ಬೆನ್ನು ಒರಗಿಸದೆ ಮುಂದೆ ಸರಿದು ಕೂರಬೇಕು.

ಸಮಯ ನಾಲ್ಕೂವರೆಯಿಂದ ಐದೂವರೆ. ಊಟದ ನಂತರದ ನಿದ್ದೆ ಮುಗಿದಿರುತ್ತದೆ, ಧಾರಾವಾಹಿ ಶುರುವಾಗಿರುವುದಿಲ್ಲ. ಬಿಸಿನೀರಿನ ಫ್ಲಾಸ್ಕ್ ಒಳಗಿರಲಿ, ಕಾಫಿ ಕೊನೆಗೆ. ರಾಜ್ಯೋತ್ಸವಕ್ಕೋ ದಸರೆಗೋ ವೇದಿಕೆ ಹತ್ತಲೇಬೇಕೆಂದು ವ್ಯವಸ್ಥಾಪಕರು ಒತ್ತಾಯಿಸಿದರೆ, ವಾರವಾರ ಹಾಡುವ ಹಾಡುಗಳನ್ನೇ ಹಾಡಿ. ಹೊಸದನ್ನು ಕಲಿಯಲು ಹೋದರೆ ತಿಂಗಳುಗಟ್ಟಲೆ ಅಭ್ಯಾಸ, ಯಾರು ಮುಂದೆ ಯಾರು ಹಿಂದೆ ಎಂಬ ಮನಸ್ತಾಪ.

ಕೊನೆಯದಾಗಿ, ಹಾರ್ಮೋನಿಯಂ ಬಾರಿಸುವವರು ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದರೆ ಆರು ತಿಂಗಳು ಬರುವುದಿಲ್ಲ. ಹಾಡುಗಳ ಶ್ರುತಿಪಟ್ಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿ, ಬೀಗದ ಕೈಯ ಇನ್ನೊಂದು ಪ್ರತಿಯನ್ನು ತಾಳದ ರಾಯರಿಗೆ ಕೊಟ್ಟಿರಿ.